ಅಹಿಂಸಾಣುವ್ರತವೂ ಕೂಲಿಯವನ ಬೆನ್ನೂ

ಜಪಮಾಲೆಯಲ್ಲಿ 108 ಮಣಿಗಳೇ ಏಕೆ ಎಂದು ನಮ್ಮ ಮನೆಗಳ ಮಕ್ಕಳು ಕೇಳುವುದುಂಟು. ಹಿರಿಯರು ಕೊಡುವ ಉತ್ತರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಿಂದ ಬಂದುದು. ಸಂಕಲ್ಪಿಸುವುದು ಸಂರಂಭ, ಸಾಧನಗಳನ್ನು ಕೂಡಿಸುವುದು ಸಮಾರಂಭ, ಕಾರ್ಯಕ್ಕೆ ತೊಡಗುವುದು ಆರಂಭ. ಈ ಮೂರೂ ಮನ, ವಚನ, ಕಾಯಗಳೆಂಬ ಮೂರು ಯೋಗಗಳಿಂದ ನಡೆಯುತ್ತವೆ. ಅವನ್ನು ತಾನೇ ಮಾಡುವುದು ಕೃತ, ಪರರಿಂದ ಮಾಡಿಸುವುದು ಕಾರಿತ, ಮಾಡಿದುದಕ್ಕೆ ಸಮ್ಮತಿಸುವುದು ಅನುಮೋದನೆ. ಇವೆಲ್ಲಕ್ಕೂ ಪ್ರೇರಕವಾದ ಕಷಾಯಗಳು ಕ್ರೋಧ, ಮಾನ, ಮಾಯೆ, ಲೋಭಗಳೆಂದು ನಾಲ್ಕು. ಗುಣಿಸಿ ನೋಡಿದರೆ 108. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟ ನನಗೆ ಈ ಗುಣಾಕಾರವನ್ನು ವಿವರಿಸುವುದು ಬಹಳ ಪ್ರಿಯವಾದ ಕೆಲಸವಾಗಿತ್ತು. ಆದರೆ ಆ 108ರಲ್ಲಿ 36 ಮಣಿಗಳು ಕೇವಲ ಕಾರಿತಕ್ಕೆ, ಎಂದರೆ ಇನ್ನೊಬ್ಬರ ಕೈಯಿಂದ ಮಾಡಿಸಿದುದಕ್ಕೆ, ಮೀಸಲಾಗಿವೆ ಎಂಬ ಭಾಗಾಕಾರವನ್ನು ನಾನು ಬಹುಕಾಲ ಮಾಡಿರಲಿಲ್ಲ.

ಕೃತವನ್ನು ನಾವು ಬಲ್ಲೆವು. ನೀರನ್ನು ಸೋಸಿ ಕುಡಿಯುತ್ತೇವೆ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುತ್ತೇವೆ, ಅಷ್ಟಮಿ ಚತುರ್ದಶಿಗಳಲ್ಲಿ ಹಸಿರು ಕಾಯಿಪಲ್ಯವನ್ನು ಬಿಡುತ್ತೇವೆ. ಅನುಮೋದನೆಯನ್ನು ಕುರಿತೂ ಪ್ರವಚನಗಳಲ್ಲಿ ಕೇಳುತ್ತೇವೆ. ಇವೆರಡರ ನಡುವೆ ಕುಳಿತಿರುವ ಕಾರಿತವು ಮಾತ್ರ ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಏಕೆಂದರೆ ಅದು ನಡೆಯುವ ಸ್ಥಳದಲ್ಲಿ ನಾವಿರುವುದಿಲ್ಲ.

ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿಯೂ, ಗಡಿಯಾಚೆಯ ಸಾಂಗಲಿ, ಕೊಲ್ಲಾಪುರಗಳಲ್ಲಿಯೂ ನಮ್ಮವರಲ್ಲಿ ಬಹುಮಂದಿ ಒಕ್ಕಲುತನದವರು. ಇದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ. ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಕಲಿಸಿದವನು ಆದಿತೀರ್ಥಂಕರನೇ. ನೇಗಿಲು ಹಾಯಿಸಿದಲ್ಲಿ ಜೀವಹಾನಿಯಾಗುವುದು ಅವನಿಗೆ ತಿಳಿಯದ ವಿಷಯವಲ್ಲ. ಆದುದರಿಂದಲೇ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ತ್ಯಜಿಸಬೇಕು, ಉಳಿದ ಮೂರನ್ನು ಸಾಧ್ಯವಾದಷ್ಟು ಕಿರಿದುಗೊಳಿಸಬೇಕು ಎಂದು ಹೇಳಿದ್ದಾರೆ. ಈ ವಿಂಗಡಣೆ ಗೃಹಸ್ಥನಿಗೆ ಒಂದು ದೊಡ್ಡ ಆಸರೆ. ಆಸರೆಯೇ ಎಷ್ಟೋ ಸಲ ಅಡಗುದಾಣವೂ ಆಗುತ್ತದೆ ಎಂಬುದನ್ನು ನನ್ನ ಅನುಭವದಿಂದಲೇ ಹೇಳಬೇಕಾಗಿದೆ.

2014ರ ಭಾದ್ರಪದದ ಮಾತು. ಆಗ ನಾನಿನ್ನೂ ಸೇವೆಯಲ್ಲಿದ್ದೆ. ಗುರುಸಾಕ್ಷಿಯಾಗಿ ಅಣುವ್ರತಗಳನ್ನು ಸ್ವೀಕರಿಸಿ ಕೆಲವು ವರ್ಷಗಳಾಗಿದ್ದವು. ನಮ್ಮದು ನಾಲ್ಕು ಎಕರೆ ಎರೆಹೊಲ, ಹತ್ತಿ ಹಾಕಿದ್ದೆವು. ಎಲೆಗಳಿಗೆ ಹಸಿರು ಜಿಗಿಹುಳು ಹತ್ತಿತ್ತು. ಹೊಲ ನೋಡಿಕೊಳ್ಳುತ್ತಿದ್ದ ಆಳಿಗೆ, ದಶಲಕ್ಷಣ ಪರ್ವ ಬರುವುದರೊಳಗೆ ಎಣ್ಣೆ ಹೊಡೆದು ಮುಗಿಸಬೇಕೆಂದು ಹೇಳಿದೆ. ಪರ್ವದ ದಿನಗಳಲ್ಲಿ ನಮ್ಮ ಹೊಲದಲ್ಲಿ ಜೀವಹಿಂಸೆ ನಡೆಯಬಾರದೆಂಬುದು ನನ್ನ ಅಭಿಪ್ರಾಯ. ಮಳೆ ಬಿಡಲಿಲ್ಲ. ಪರ್ವ ಬಂದೇಬಿಟ್ಟಿತು. ಹುಳುವಿನ ಕಾಟ ಹೆಚ್ಚಿತೆಂದು ಅವನು ಮತ್ತೆ ಕೇಳಲು ಬಂದಾಗ, "ಮಳೆ ಯಾವಾಗ ಬಿಡುವು ಕೊಡುತ್ತದೋ ಆಗ ಮುಗಿಸಿಬಿಡು, ನನ್ನನ್ನು ಕೇಳಲು ಬರಬೇಡ" ಎಂದೆ. ಆ ಕೊನೆಯ ಮಾತನ್ನು ಓದುಗರು ಗಮನಿಸಬೇಕು. ಅಂದು ಅದನ್ನು ನಾನು ವ್ರತರಕ್ಷಣೆಯೆಂದು ತಿಳಿದಿದ್ದೆ.

ಆರನೆಯ ದಿನ ಬಿಸಿಲು ಬಂತು. ಅದು ಉತ್ತಮ ಸಂಯಮದ ದಿನ. ನಾನು ಉಪವಾಸದಲ್ಲಿದ್ದೆ, ಬಸದಿಯಲ್ಲಿ ಪ್ರಾಣಿಸಂಯಮ, ಇಂದ್ರಿಯಸಂಯಮಗಳನ್ನು ಕುರಿತು ಮಾತನಾಡುವ ಹೊಣೆಯೂ ನನ್ನದಾಗಿತ್ತು. ಮಧ್ಯಾಹ್ನ ಮನೆಗೆ ಮರಳುವಷ್ಟರಲ್ಲಿ ಅವನ ಹೆಂಡತಿ ಅವನನ್ನು ನಮ್ಮ ಕಟ್ಟೆಯ ಮೇಲೆ ಕೂರಿಸಿಕೊಂಡಿದ್ದಳು. ಅವನ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ಬೆವರಿನಿಂದ ತೊಯ್ದಿತ್ತು, ತೋಳಿನ ಸ್ನಾಯುಗಳು ತಾವಾಗಿಯೇ ಅದುರುತ್ತಿದ್ದವು. "ಮಾಸ್ತರ್ರ, ಕಣ್ಣ ಮುಂದ ಕತ್ತಲಿ ಬಂದಂಗ ಆಗತೈತ್ರಿ" ಎಂದಷ್ಟೇ ಅವನು ಹೇಳಿದುದು. ಅವಳು ಗಾಬರಿಗೊಂಡಿರಲಿಲ್ಲ. "ಎಣ್ಣಿ ಹೊಡದ ದಿನಾ ತಲಿ ತಿರಗೂದು ಇದ್ದದ್ದ ಐತ್ರಿ, ಇವತ್ತ ಸ್ವಲ್ಪ ಹೆಚ್ಚಾಗೇತಿ" ಎಂದಳು. ಅವಳ ಈ ಮಾತೇ ಇಂದಿಗೂ ನನ್ನ ಕಿವಿಯಲ್ಲಿ ಉಳಿದಿದೆ.

ತಾಲ್ಲೂಕು ಆಸ್ಪತ್ರೆಯ ವೈದ್ಯರು ಮೊದಲು ಮಾಡಿದ ಕೆಲಸವೆಂದರೆ ಅವನ ಬಟ್ಟೆಗಳನ್ನು ಕಳಚಿಸಿ ಮೈಯನ್ನು ಸಾಬೂನು ಹಚ್ಚಿ ತೊಳೆಸಿದುದು. ಆಮೇಲೆ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಕಣ್ಣಪಾಪೆ ಸೂಜಿಯ ಮೊನೆಯಷ್ಟು ಕಿರಿದಾಗಿತ್ತು. ಅಟ್ರೋಪಿನ್ ಚುಚ್ಚುಮದ್ದನ್ನು ಮತ್ತೆ ಮತ್ತೆ ಕೊಟ್ಟರು. ಯಾವ ಡಬ್ಬಿಯಿಂದ ಹೊಡೆದದ್ದು ಎಂದು ಕೇಳಿದಾಗ ನಮ್ಮಲ್ಲಿ ಯಾರಿಗೂ ಹೆಸರು ತಿಳಿಯದು. ಒಬ್ಬನು ಹೊಲಕ್ಕೆ ಓಡಿಹೋಗಿ ಡಬ್ಬಿ ತಂದ. ಅದರ ಮೇಲೆ ಕೆಂಪು ತ್ರಿಕೋನವಿತ್ತು. ಅವನು ಬದುಕಿದ, ಮೂರು ದಿನಕ್ಕೆ ಎದ್ದು ಕುಳಿತ. ಬದುಕಿದ್ದರಿಂದಲೇ ನಾನು ಇಷ್ಟು ಸಮಾಧಾನದಿಂದ ಬರೆಯಬಲ್ಲವನಾಗಿದ್ದೇನೆ.

ಆ ಬಳಿಕ ವೈದ್ಯರನ್ನು ಕೇಳಿ, ಪುಸ್ತಕಗಳನ್ನು ಓದಿ ತಿಳಿದುಕೊಂಡುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ತಿಳಿಯದೆ ಇರುವುದೂ ಪ್ರಮಾದದ ಒಂದು ಮುಖವೇ. ನಮ್ಮ ನರವು ಸ್ನಾಯುವಿಗೆ ಆಜ್ಞೆಯನ್ನು ಮುಟ್ಟಿಸುವುದು ಅಸಿಟೈಲ್‌ಕೋಲಿನ್ ಎಂಬ ದ್ರವ್ಯದ ಮೂಲಕ. ಆಜ್ಞೆ ಮುಟ್ಟಿದ ಕೂಡಲೇ ಅದನ್ನು ಮುರಿದುಹಾಕಲು ಕೋಲಿನೆಸ್ಟರೇಸ್ ಎಂಬ ಕಿಣ್ವವಿದೆ. ಮಾನೊಕ್ರೊಟೊಫಾಸ್, ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್ ಮೊದಲಾದ ರಂಜಕಮೂಲದ ವಿಷಗಳು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಆಜ್ಞೆ ನಿಲ್ಲುವುದೇ ಇಲ್ಲ. ಗ್ರಂಥಿಗಳು ಸುರಿಯುತ್ತಲೇ ಇರುತ್ತವೆ, ಸ್ನಾಯುಗಳು ಅದುರಿ ಅದುರಿ ಸೋಲುತ್ತವೆ, ಕಡೆಗೆ ಉಸಿರಾಡಿಸುವ ಸ್ನಾಯುಗಳೂ ಸೋಲುತ್ತವೆ. ಹುಳು ಸಾಯುವುದೂ ಹೀಗೆಯೇ. ಹುಳುವನ್ನು ಕೊಲ್ಲುವ ದಾರಿ ಬೇರೆ, ಮನುಷ್ಯನನ್ನು ಕೊಲ್ಲುವ ದಾರಿ ಬೇರೆ ಎಂದು ನಾನು ಭಾವಿಸಿದ್ದೆ. ಹಾಗಲ್ಲ. ಅಲ್ಪೇಂದ್ರಿಯ ಜೀವಿಗೂ ಸಂಜ್ಞಿ ಪಂಚೇಂದ್ರಿಯ ಜೀವಿಗೂ ಅದೇ ನರ, ಅದೇ ವಿಷ. ವ್ಯತ್ಯಾಸ ಪ್ರಮಾಣದಲ್ಲಿ ಮಾತ್ರ. ತ್ರಸಜೀವಿಗಳನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಿದ ನಮ್ಮ ಆಚಾರ್ಯರಿಗೆ ಇದು ಆಶ್ಚರ್ಯವೆನಿಸುತ್ತಿರಲಿಲ್ಲ.

ಇನ್ನೊಂದು ತಪ್ಪುಗ್ರಹಿಕೆ ಇದೆ. ವಿಷ ಮೂಗಿನಿಂದ ಹೋಗುತ್ತದೆ, ಬಾಯಿಗೆ ಒಂದು ವಸ್ತ್ರ ಕಟ್ಟಿಕೊಂಡರೆ ಸಾಕು ಎಂಬುದು. ಸಿಂಪಡಿಸುವವನ ಮೈಗೆ ವಿಷದ ಬಹುಪಾಲು ಹೋಗುವುದು ಚರ್ಮದ ಮೂಲಕ. ಡಬ್ಬಿಯಲ್ಲಿನ ಗಟ್ಟಿ ದ್ರವವನ್ನು ಬರಿಗೈಯಲ್ಲಿ ಅಳೆದು ನೀರಿಗೆ ಬೆರೆಸುವಾಗ ಅಪಾಯ ಅತಿ ಹೆಚ್ಚು. ಎಲ್ಲ ಚರ್ಮವೂ ಒಂದೇ ಸಮನಾಗಿ ಹೀರುವುದಿಲ್ಲ. ಮುಂಗೈಗಿಂತ ಹಣೆ, ನೆತ್ತಿ, ತೊಡೆಸಂದುಗಳು ಹೆಚ್ಚಾಗಿ ಹೀರುತ್ತವೆ. ಬೆವರಿನಿಂದ ತೊಯ್ದ ಬಟ್ಟೆ ವಿಷವನ್ನು ಮೈಗೆ ಅಂಟಿಸಿ ಹಿಡಿಯುತ್ತದೆ. ಎದೆಯೆತ್ತರ ಬೆಳೆದ ಹತ್ತಿಯಲ್ಲಿ ಗಾಳಿಗೆದುರಾಗಿ ನಡೆದರಂತೂ ಹೊಡೆದ ವಿಷ ಮೈಗೇ ಮರಳುತ್ತದೆ. ಕಟ್ಟಿಹೋದ ಕಿಣ್ವ ಮೊದಲಿನ ಮಟ್ಟಕ್ಕೆ ಬರಲು ವಾರಗಳೇ ಬೇಕು. ನಮ್ಮ ಕೂಲಿಯವನಾದರೋ ಇಂದು ನಮ್ಮ ಹೊಲ, ನಾಳೆ ಪಕ್ಕದ ಹೊಲ, ನಾಡಿದ್ದು ಇನ್ನೊಬ್ಬರ ಹೊಲ ಎಂದು ಹಂಗಾಮು ಪೂರ್ತಿ ದುಡಿಯುತ್ತಾನೆ. ಯಾರ ಹೊಲದ ವಿಷ ಅವನನ್ನು ಬೀಳಿಸಿತೆಂದು ಹೇಳುವುದು ಹೇಗೆ? ಸಂಜೆ ಅವನ ಬಟ್ಟೆಯನ್ನು ಒಗೆಯುವವಳ ಕೈಗೂ ಅದು ಹತ್ತುತ್ತದೆ. ಅವನಿಗಾಗಿ ಕೊಡಗಳಲ್ಲಿ ನೀರು ಹೊತ್ತವಳೂ ಅವಳೇ.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಆ ಪಂಪನ್ನು ತಿರುವಿ ನೋಡಿದೆ. ಹದಿನಾರು ಲೀಟರಿನದು. ಮುಚ್ಚಳದ ವಾಷರು ಸವೆದುಹೋಗಿ, ನಡೆದಂತೆಲ್ಲ ದ್ರವ ತುಳುಕಿ ಬೆನ್ನಿನ ಮೇಲೆ ಇಳಿಯುವಂತಿತ್ತು. ಹಿಂದಿನ ವರ್ಷವೇ ಅವನು ಇದನ್ನು ಹೇಳಿದ್ದ. "ಮುಂದಿನ ಹಂಗಾಮಿಗೆ ನೋಡೋಣ" ಎಂದಿದ್ದವನು ನಾನು. ಆ ವಾಷರಿನ ಬೆಲೆ ಕೆಲವು ರೂಪಾಯಿಗಳು. ಅದೇ ವರ್ಷ ಬಸದಿಯ ಅಭಿಷೇಕಕ್ಕೆ ನಾನು ಕೊಟ್ಟ ಕಾಣಿಕೆಯ ಮೊತ್ತವನ್ನು ಇಲ್ಲಿ ಬರೆಯಲಾರೆ.

ಈಗ ಪ್ರಶ್ನೆಗೆ ಬರೋಣ. ಇದು ಯಾವ ಹಿಂಸೆ? ಹುಳುವನ್ನು ಕೊಂದುದು ಉದ್ಯೋಗಿ ಹಿಂಸೆಯೇ, ಬೆಳೆಗೆ ಬಂದ ಶತ್ರುವೆಂದು ವಿರೋಧಿ ಹಿಂಸೆಯೇ, ಅಥವಾ ಕೊಲ್ಲುವ ಉದ್ದೇಶದಿಂದಲೇ ಕೊಂದುದರಿಂದ ಸಂಕಲ್ಪಿಯೇ ಎಂಬ ವಿಷಯದಲ್ಲಿ ವಾದಕ್ಕೆ ಎಡೆಯಿದೆ. ಮನುಷ್ಯನ ವಿಷಯದಲ್ಲಿ ಮಾತ್ರ ವಾದಕ್ಕೆ ಎಡೆಯೇ ಕಾಣದು. ಅವನಿಗೆ ಆದ ಹಾನಿ ನಾಲ್ಕು ವಿಧಗಳಲ್ಲಿ ಯಾವುದರ ನೆರಳಿಗೂ ಬಾರದು. ಕೃಷಿಗೆ ಅದು ಅನಿವಾರ್ಯವಲ್ಲ. ಅವನು ವಿರೋಧಿಯೂ ಅಲ್ಲ. ಒಂದು ವಾಷರು, ಒಂದು ಜೊತೆ ಕೈಗವಸು, ಒಂದು ತುಂಡು ಸಾಬೂನು, ಎರಡು ಕೊಡ ಶುದ್ಧ ನೀರು ಇದ್ದಿದ್ದರೆ ಬಹುಮಟ್ಟಿಗೆ ತಪ್ಪಬಹುದಾಗಿದ್ದುದು ಅದು. ಪ್ರಮಾದಯುಕ್ತ ಯೋಗದಿಂದ ಪ್ರಾಣಗಳಿಗೆ ಆಗುವ ಘಾತವೇ ಹಿಂಸೆ ಎಂದು ಸೂತ್ರಕಾರರು ಲಕ್ಷಣ ಹೇಳುವಾಗ ಕೊಲ್ಲುವ ಇಚ್ಛೆಯನ್ನು ಅದಕ್ಕೆ ಷರತ್ತಾಗಿ ಇಟ್ಟಿಲ್ಲ. "ನನಗೆ ಅವನನ್ನು ನೋಯಿಸುವ ಇಚ್ಛೆ ಇರಲಿಲ್ಲ" ಎಂಬ ನನ್ನ ಸಮಾಧಾನ ಅಲ್ಲಿ ನಿಲ್ಲುವುದಿಲ್ಲ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನಾವು ದನಕರುಗಳ ಸಂಬಂಧವಾಗಿಯೇ ವಿವರಿಸುತ್ತ ಬಂದಿದ್ದೇವೆ. ಬಂಧ, ವಧ, ಛೇದಗಳು ಇರಲಿ. ಉಳಿದ ಎರಡು ಅತಿಭಾರಾರೋಪಣ, ಅನ್ನಪಾನನಿರೋಧ. ಶಕ್ತಿ ಮೀರಿದ ಹೊರೆಯನ್ನು ಹೊರಿಸುವುದು ಎತ್ತಿನ ವಿಷಯದಲ್ಲಿ ಅತಿಚಾರವಾದರೆ, ಸೋರುವ ವಿಷದ ಹೊರೆಯನ್ನು ಮನುಷ್ಯನ ಬೆನ್ನಿಗೆ ಕಟ್ಟುವುದು ಏನಾದೀತು? ಕೈ ತೊಳೆಯಲು ನೀರಿಲ್ಲದ ಹೊಲದಲ್ಲಿ ವಿಷದ ಕೈಯಿಂದಲೇ ಅವನು ರೊಟ್ಟಿ ಮುರಿಯಬೇಕಾದಾಗ, ಅನ್ನಪಾನವನ್ನು ತಡೆದಿಲ್ಲವೆಂದು ನಾವು ಹೇಳಿಕೊಳ್ಳಬಹುದು; ತಡೆದಿದ್ದರೆ ಅವನಿಗೆ ಅಷ್ಟು ಕೇಡಾಗುತ್ತಿರಲಿಲ್ಲ. ಅನರ್ಥದಂಡಗಳಲ್ಲಿ ಒಂದಾದ ಹಿಂಸಾದಾನವನ್ನು ವಿವರಿಸುವಾಗ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡಬಾರದ ಹಿಂಸೋಪಕರಣಗಳನ್ನು ಹೆಸರಿಸುತ್ತಾರೆ. ಶಸ್ತ್ರ, ಅಗ್ನಿಗಳೊಡನೆ ವಿಷವೂ ಅಲ್ಲಿದೆ. ಖರಕರ್ಮಗಳ ಪಟ್ಟಿಯಲ್ಲಿ ವಿಷವಾಣಿಜ್ಯದ ಪ್ರಸ್ತಾಪ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಬರುತ್ತದೆ. ಗೊಬ್ಬರ, ಔಷಧಗಳ ಅಂಗಡಿ ಇಟ್ಟಿರುವ ಬಂಧುಗಳು ನಮ್ಮಲ್ಲಿಯೂ ಇದ್ದಾರೆ. ಅವರನ್ನು ನೋಯಿಸುವುದು ನನ್ನ ಉದ್ದೇಶವಲ್ಲ, ಕೊಂಡವನು ನಾನೇ.

ಔಷಧ ಎಂದೆನಲ್ಲ, ಆ ಮಾತನ್ನೂ ಸ್ವಲ್ಪ ಪರಿಶೀಲಿಸಬೇಕು. ನಮ್ಮ ಸೀಮೆಯಲ್ಲಿ ಇದಕ್ಕೆ ಎಣ್ಣೆ ಎನ್ನುತ್ತಾರೆ, ಕೆಲವೆಡೆ ಔಷಧ, ಕರಾವಳಿಯಲ್ಲಿ ಮದ್ದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೆ ಎಂತಹ ಸ್ಥಾನವಿದೆ! ಹೆಸರು ಮೃದುವಾದರೆ ಭಯವೂ ಮೃದುವಾಗುತ್ತದೆ. ಅಕ್ಷರ ಬಾರದವನು ಔಷಧವೆಂಬ ಮಾತನ್ನು ನಂಬಿ ಬರಿಗೈಯಿಂದ ಕಲಕುತ್ತಾನೆ. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಸೇರಿದ್ದುದು ಮಾನೊಕ್ರೊಟೊಫಾಸ್. ಬಿಸಿಯೂಟದ ಮೇಲ್ವಿಚಾರಣೆ ಮಾಡುತ್ತಿದ್ದ ನನಗೆ ಅಂದು ಹಲವು ದಿನ ನಿದ್ರೆ ಬರಲಿಲ್ಲ. ಆದರೂ ಮರುವರ್ಷ ನನ್ನ ಹೊಲಕ್ಕೆ ಯಾವ ಡಬ್ಬಿ ಬಂತೆಂದು ನಾನು ನೋಡಲಿಲ್ಲ.

ಕಾಯಿದೆ ಇಲ್ಲವೆಂದಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತ ಬಳಿಕ ವಿಚಾರಣಾ ಆಯೋಗ ಕುಳಿತು, ಕಡೆಗೆ 1968ರಲ್ಲಿ ಕೀಟನಾಶಕಗಳ ಕಾಯಿದೆ ಬಂತು. 1971ರ ನಿಯಮಗಳಲ್ಲಿ ರಕ್ಷಣಾ ಉಡುಪು, ಪ್ರಥಮ ಚಿಕಿತ್ಸೆ, ಪ್ರತಿವಿಷ, ಕೆಲಸಗಾರರ ತರಬೇತಿ ಎಲ್ಲವೂ ಇವೆ. ಡಬ್ಬಿಯ ಮೇಲೆ ಕೆಂಪು ತ್ರಿಕೋನವಿದ್ದರೆ ಅತ್ಯುಗ್ರ ವಿಷ, ಹಳದಿ, ನೀಲಿ, ಹಸಿರು ಎಂದು ತೀಕ್ಷ್ಣತೆ ಇಳಿಯುತ್ತದೆ. ಹಸಿರೆಂದರೆ ನಿರ್ವಿಷವೆಂದು ಅರ್ಥವಲ್ಲ. ಇಷ್ಟೆಲ್ಲ ಇದ್ದೂ 2017ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಸಿಂಪಡಿಸುತ್ತಿದ್ದ ರೈತರೂ ಕೂಲಿಗಳೂ ನೂರಾರು ಸಂಖ್ಯೆಯಲ್ಲಿ ಆಸ್ಪತ್ರೆ ಸೇರಿದರು. ಸುಮಾರು ಇಪ್ಪತ್ತು ಮಂದಿ ಮರಳಲಿಲ್ಲ. ಇತ್ತ ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಧರ್ಮಸ್ಥಳಕ್ಕೆ ದೂರವಲ್ಲದ ಕೊಕ್ಕಡದ ಸುತ್ತಲೂ ಅದೇ ಕಥೆ. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಲ್ಲಿಸುವಷ್ಟರಲ್ಲಿ ಒಂದು ಪೀಳಿಗೆಯೇ ಹಾಸಿಗೆ ಹಿಡಿದಿತ್ತು. ಆಕಾಶದಿಂದ ಸುರಿದವನು ಯಾರ ಮುಖವನ್ನೂ ಕಾಣಲಿಲ್ಲ. ನಾನಾದರೋ ನನ್ನ ಆಳಿನ ಮುಖವನ್ನು ದಿನವೂ ಕಾಣುತ್ತಿದ್ದೆ.

ನನ್ನ ಹಳೆಯ ಶಿಷ್ಯನೊಬ್ಬ, ಈಗ ಒಕ್ಕಲುತನದಲ್ಲಿರುವವನು, ಈ ವಿಚಾರಗಳನ್ನು ಕೇಳಿ ನಕ್ಕ. "ಗುರುಗಳ, ನೀವು ಪಗಾರ ಉಂಡವರು. ನಾವು ಹೊಡಿಸದಿದ್ದರ ಬೆಳಿ ಹೋತು, ಸಾಲ ಉಳೀತು. ನಾವು ಕರಿಯದಿದ್ದರ ಅವ ಮಗ್ಗಲ ಹೊಲಕ್ಕ ಹೋಗ್ತಾನ. ಅವನ ಕೂಲಿ ತಪ್ಪಿಸೂದು ಯಾವ ಅಹಿಂಸಾ?" ಎಂದ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಸಿಂಪಡಿಸುವ ಕೂಲಿ ಕಳೆ ಕೀಳುವ ಕೂಲಿಗಿಂತ ಹೆಚ್ಚು. ಅದಕ್ಕಾಗಿಯೇ ಅವನು ಬರುತ್ತಾನೆ. ಆದರೆ ಅವನ ಬಡತನವೇ ಅವನ ಸಮ್ಮತಿಯಾದಾಗ, ಆ ಸಮ್ಮತಿಯಿಂದ ನಮ್ಮ ಭಾಗ ಕಳೆಯುವುದೋ ಬೆಳೆಯುವುದೋ? ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸೆಯ ಫಲವಿಭಾಗವನ್ನು ಬಹು ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಒಬ್ಬನು ಮಾಡಿದ ಹಿಂಸೆಯ ಫಲ ಹಲವರಿಗೆ ಸಲ್ಲಬಹುದು, ಹಲವರು ಮಾಡಿದುದರ ಫಲ ಒಬ್ಬನಿಗೇ ಸಲ್ಲಬಹುದು ಎಂಬುದು ಅವರ ನಿರ್ಣಯ. ಯುದ್ಧ ಮಾಡುವವರು ಸೈನಿಕರಾದರೂ ಮಾಡಿಸಿದ ರಾಜನನ್ನು ಅಲ್ಲಿ ನೆನೆಯುವುದು ವಾಡಿಕೆ. ನಾಲ್ಕು ಎಕರೆಯ ರಾಜನನ್ನೂ ನೆನೆಯಬಹುದು. ಶಿಷ್ಯನಿಗೆ ನಾನು ಹೇಳಿದುದು ಇಷ್ಟೇ: ಅವನು ಪಕ್ಕದ ಹೊಲಕ್ಕೆ ಹೋಗುವುದಾದರೆ ಹೋಗಲಿ, ನನ್ನ ಹೊಲದಲ್ಲಿ ಇರುವಷ್ಟು ಹೊತ್ತು ಅವನ ಬೆನ್ನು ನನ್ನ ಹೊಣೆ. ಅವನು ಒಪ್ಪಿದನೆಂದು ಹೇಳಲಾರೆ.

ಆ ಘಟನೆಯನ್ನು ಹಿರಿಯ ತ್ಯಾಗಿಗಳೊಬ್ಬರಲ್ಲಿ ಆಲೋಚನೆ ಮಾಡಿಕೊಂಡಾಗ ಅವರು ಪ್ರಾಯಶ್ಚಿತ್ತವಾಗಿ ಕೆಲವು ಉಪವಾಸಗಳನ್ನು ವಿಧಿಸಿದರು. ಅವನ್ನು ಮಾಡಿ ಮುಗಿಸಿದೆ, ಕಷ್ಟವೆನಿಸಲಿಲ್ಲ. ಕಷ್ಟವೆನಿಸಿದುದು ಉಳಿದ ಕೆಲಸಗಳು. ಆಸ್ಪತ್ರೆಯ ಖರ್ಚನ್ನೂ ಅವನು ಕೆಲಸಕ್ಕೆ ಬಾರದ ದಿನಗಳ ಕೂಲಿಯನ್ನೂ ಕೊಡುವಾಗ ಮನೆಯಲ್ಲಿ ಮಾತು ಬಂತು. ಕೆಂಪು ತ್ರಿಕೋನದ ಡಬ್ಬಿ ಬೇಡವೆಂದಾಗ ಅಂಗಡಿಯವರು ಬೆಳೆ ಹೋದೀತೆಂದು ಹೆದರಿಸಿದರು. ಒಂದು ವರ್ಷ ಬೆಳೆ ನಿಜವಾಗಿಯೂ ಅರ್ಧಕ್ಕೆ ಇಳಿಯಿತು. ಬೇವಿನ ಬೀಜದ ಕಷಾಯ, ಹೊಲದ ಅಂಚಿಗೆ ಅಲಸಂದೆ, ಹೇನನ್ನು ತಿನ್ನುವ ಗುಲಗಂಜಿ ಹುಳುಗಳನ್ನು ಉಳಿಸಿಕೊಳ್ಳುವುದು, ಇವುಗಳಿಂದ ಸಿಂಪಡಣೆಗಳು ಕಡಿಮೆಯಾದವು, ನಿಲ್ಲಲಿಲ್ಲ. ಉಳಿದ ಸಿಂಪಡಣೆಗೆ ಬೆಳಗಿನ ತಂಪು ಹೊತ್ತು, ಗಾಳಿಗೆ ಬೆನ್ನು, ತೋಳು ತುಂಬ ಅಂಗಿ, ಕೈಗವಸು, ಬದುವಿನ ಮೇಲೆ ನೀರಿನ ಕೊಡ ಮತ್ತು ಸಾಬೂನು, ಖಾಲಿ ಡಬ್ಬಿಗೆ ತೂತು ಹೊಡೆದು ಯಾರೂ ಮತ್ತೆ ಬಳಸದಂತೆ ಮಾಡುವುದು, ಇಷ್ಟನ್ನು ಕಡ್ಡಾಯ ಮಾಡಿದೆ. ಬಿಸಿಲೇರಿದ ಮೇಲೆ ಕೈಗವಸಿನೊಳಗೆ ಕೈ ಬೇಯುತ್ತದೆಂಬುದು ನನಗೆ ತಿಳಿದುದು ನಾನೇ ತೊಟ್ಟಾಗ.

ನಿವೃತ್ತನಾದ ಮೇಲೆ ಎರಡು ಹಂಗಾಮು ಪಂಪನ್ನು ನಾನೇ ಹೊತ್ತೆ. ನನ್ನ ಬೆನ್ನಿಗೆ ಹಾಕಲು ಹೆದರುವುದನ್ನು ಅವನ ಬೆನ್ನಿಗೆ ಹಾಕಬಾರದೆಂದು ತೋರಿತು. ಆಗ ಬಸದಿಯ ಕಟ್ಟೆಯಲ್ಲಿ ಮಾತು ಎದ್ದಿತು. ವ್ರತಧಾರಿಯೊಬ್ಬನು ಕೈಯಾರೆ ಹುಳುಗಳನ್ನು ಕೊಲ್ಲುತ್ತಿದ್ದಾನೆ, ಇವನ ಕೈಯಿಂದ ಅಭಿಷೇಕದ ಕಲಶ ಎತ್ತಿಸಬಹುದೇ ಎಂದು ಒಬ್ಬರು ಕೇಳಿದರು. ಕೇಳಿದುದು ತಪ್ಪಲ್ಲ. ಆದರೆ ಅದೇ ಹೊಲದಲ್ಲಿ, ಅದೇ ವಿಷವನ್ನು, ಅದೇ ಹುಳುಗಳ ಮೇಲೆ ನಾನು ಇಪ್ಪತ್ತು ವರ್ಷ ಇನ್ನೊಬ್ಬನಿಂದ ಹೊಡೆಸುತ್ತಿದ್ದಾಗ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಈಗ ಬೆನ್ನು ನೋವಿನಿಂದಾಗಿ ಪಂಪು ಹೊರಲಾರೆ. ಹೊಲವನ್ನು ಪಾಲಿಗೆ ಕೊಡುವಂತೆ ಮಕ್ಕಳು ಹೇಳುತ್ತಿದ್ದಾರೆ. ಕೊಟ್ಟರೆ ಪಾಲುದಾರನು ಯಾವ ಡಬ್ಬಿ ತರುವನೋ, ಯಾರಿಂದ ಹೊಡೆಸುವನೋ ನನಗೆ ತಿಳಿಯುವುದಿಲ್ಲ. ಧಾನ್ಯವಂತೂ ನನ್ನ ಮನೆಗೆ ಬರುತ್ತದೆ. ಅಪ್ರಮತ್ತನಾಗಿ ತಾನೇ ಮಾಡಿದುದು ಮತ್ತು ನೋಡದೆ ಪರರಿಂದ ಮಾಡಿಸಿದುದು, ಇವೆರಡರಲ್ಲಿ ಅಣುವ್ರತಕ್ಕೆ ಹೆಚ್ಚಿನ ದೋಷ ತರುವುದು ಯಾವುದು? ಪಾಲಿಗೆ ಕೊಟ್ಟುದು ಕಾರಿತದಲ್ಲಿ ಸೇರುವುದೋ ಅನುಮೋದನೆಯಲ್ಲಿ ಸೇರುವುದೋ? ಆಗಮವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಬರೆದರೆ ಉಪಕಾರವಾದೀತು. ಕರಾರುಪತ್ರಕ್ಕೆ ಯುಗಾದಿಯ ಹೊತ್ತಿಗೆ ಸಹಿ ಹಾಕಬೇಕಾಗಿದೆ.